ಸಾಲದ ಮಾತು

ಕನ್ನಡ ಮೇಷ್ಟರ ಕೈಗೆ ಕೆಂಪು ಮಸಿಯ ಪೆನ್ನು ಬಂತೆಂದರೆ ಅವರ ಕನ್ನಡ ಎಲ್ಲಿಗೋ ಓಡಿಹೋಗುತ್ತದೆ. ಇದನ್ನು ನಾನು ಇತರರನ್ನು ನೋಡಿ ಹೇಳುತ್ತಿಲ್ಲ. ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದೇನೆ. ತರಗತಿಯಲ್ಲಿ ಒಂದು ಗಂಟೆಯ ಕಾಲ ಪಂಪ ರನ್ನರ ನಡುವೆ ಸುಖವಾಗಿದ್ದು ಬಂದವನು, ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಹುಡುಗರ ಅಸೈನ್‌ಮೆಂಟುಗಳ ಕಟ್ಟು ಬಿಚ್ಚಿದ ಕೂಡಲೆ ‘ಗುಡ್’, ‘ಫೇರ್’, ‘ಸೀನ್’ ಎಂದು ಬರೆಯತೊಡಗುತ್ತೇನೆ. ಕನ್ನಡದಲ್ಲಿ ಬರೆದ ಬರಹದ ಕೆಳಗೆ, ಕನ್ನಡ ಕಲಿಸುವವನು, ಕನ್ನಡವೊಂದನ್ನೇ ಚೆನ್ನಾಗಿ ಬಲ್ಲ ಮಕ್ಕಳಿಗೆ ಇಂಗ್ಲಿಷಿನಲ್ಲಿ ತೀರ್ಪು ಕೊಡುವುದು! ಇದರಲ್ಲಿ ಏನೋ ವಿಪರೀತವಿದೆಯೆಂದು ನನಗೆ ಇಪ್ಪತ್ತು ವರ್ಷ ತೋರಲೇ ಇಲ್ಲ. ತೋರಿಸಿಕೊಟ್ಟವಳು ಎರಡನೆಯ ವರ್ಷದ ಬಿ.ಎ. ತರಗತಿಯ ಒಬ್ಬ ಹುಡುಗಿ.

2023ರ ನವೆಂಬರಿನ ಮಾತು. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ‘ನಮ್ಮೂರಿನ ಒಂದು ಹಳೆಯ ಕಲ್ಲು’ ಎಂಬ ವಿಷಯ ಕೊಟ್ಟು, ಹತ್ತು ಪುಟಕ್ಕೆ ಕಡಮೆಯಿಲ್ಲದಂತೆ ಬರೆದುಕೊಂಡು ಬನ್ನಿರೆಂದು ಹೇಳಿದ್ದೆ. ನಮ್ಮ ಸೀಮೆಯಲ್ಲಿ ಮಳೆಗೆ ಬರ ಬರಬಹುದು, ಹಳೆಯ ಕಲ್ಲಿಗೆ ಬರವಿಲ್ಲ. ಹೊಲದ ಬದುವಿನಲ್ಲಿ ವೀರಗಲ್ಲು, ಕೆರೆಯ ಏರಿಯಲ್ಲಿ ಶಾಸನ, ದನ ಮೈಯುಜ್ಜುವ ಕಂಬವನ್ನು ಸ್ವಲ್ಪ ಒರೆಸಿ ನೋಡಿದರೆ ಅದರಲ್ಲಿಯೂ ನಾಲ್ಕು ಅಕ್ಷರ. ಬಹುಮಂದಿ ಹುಡುಗರು ಮೊಬೈಲ್ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಇಳಿಸಿ ಹದಿನೈದು ಪುಟ ತುಂಬಿಸಿದ್ದರು. ಜಾವಗಲ್ ಕಡೆಯ ಹಳ್ಳಿಯೊಂದರಿಂದ ಬರುವ ಈ ಹುಡುಗಿ ಮಾತ್ರ ಎರಡೇ ಪುಟ ಬರೆದಿದ್ದಳು. ನಾನು ಮೊದಲ ನಾಲ್ಕು ಸಾಲು ಓದಿದೆ, ಪುಟ ಎಣಿಸಿದೆ, ಕೆಳಗೆ ‘ಇನಡಿಕ್ವೇಟ್’ ಎಂದು ಬರೆದು ರುಜು ಹಾಕಿದೆ.

ಮಾರನೆಯ ದಿನ ಅವಳು ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು.

“ಸಾರ್, ಇದೊಂದು ಪದದ ಅರ್ಥ ಗೊತ್ತಾಗಲಿಲ್ಲ.”

ಧಿಕ್ಕಾರದ ದನಿಯಲ್ಲ, ಅಳುವೂ ಅಲ್ಲ. ರೈಲು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿದಳು. ನಾನು ಹಾಳೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, “ಅದೋ? ಅದು... ಏನೆಂದರೆ...” ಎಂದು ಅಲ್ಲಿಯೇ ನಿಂತೆ. ಎಂ.ಎ.ಯಲ್ಲಿ ಭಾಷಾಶಾಸ್ತ್ರ ಓದಿದವನು ನಾನು. ಒಂದು ಪದದ ಅರ್ಥ ನಾಲಗೆಗೆ ಬರಲಿಲ್ಲ. “ನಾಳೆ ಹೇಳುತ್ತೇನೆ, ಹೋಗಮ್ಮ” ಎಂದು ಕಳುಹಿಸಿಬಿಟ್ಟೆ.

ಅರ್ಥ ಗೊತ್ತಿಲ್ಲದೆ ತಡವರಿಸಿದೆನೇ? ಅಲ್ಲ. ಆ ಪದಕ್ಕೂ ನನಗೂ ಹಳೆಯ ಪರಿಚಯ. ಅದನ್ನು ನಾನು ನಿಘಂಟಿನಿಂದ ಕಲಿತದ್ದಲ್ಲ, ಅಂಚೆಯಲ್ಲಿ ಬಂದದ್ದು. ಹಾಸನ ಜಿಲ್ಲೆಯ ಶಾಸನಗಳಲ್ಲಿ ದಾನದತ್ತಿಗಳ ಭಾಷೆ ಹೇಗಿದೆಯೆಂದು ಆರು ವರ್ಷ ತಿರುಗಾಡಿ, ರೈಸ್ ಸಾಹೇಬರು 1902ರಲ್ಲಿ ಅಚ್ಚು ಹಾಕಿಸಿದ ಹಾಸನ ಜಿಲ್ಲೆಯ ಸಂಪುಟವನ್ನು ಪುಟಪುಟ ಸವೆಸಿ, ಮುನ್ನೂರು ಚಿಲ್ಲರೆ ಪುಟದ ಪ್ರಬಂಧವೊಂದನ್ನು ಪಿಎಚ್.ಡಿ. ಪದವಿಗೆಂದು 2010ರಲ್ಲಿ ಒಪ್ಪಿಸಿದ್ದೆ. ಯಾವ ವಿಶ್ವವಿದ್ಯಾನಿಲಯ, ಪರೀಕ್ಷಕರು ಯಾರು ಎಂಬುದು ಇಲ್ಲಿ ಬೇಡ. ಮರುವರ್ಷ ವರದಿ ಬಂತು. ಅರ್ಧ ಪುಟ. ಅದರ ನಡುವೆ ಈ ಪದ, ಒಂದಲ್ಲ, ಎರಡು ಸಲ. ಏನು ಕಡಮೆ, ಎಲ್ಲಿ ಕಡಮೆ, ಯಾವ ಅಧ್ಯಾಯದಲ್ಲಿ ಎಂಬ ಸುಳುವಿಲ್ಲ. ತಿದ್ದಿ ಮತ್ತೆ ಒಪ್ಪಿಸಲು ಒಂದು ವರ್ಷದ ಅವಕಾಶವೇನೋ ಇತ್ತು. ಏನನ್ನು ತಿದ್ದುವುದು? ಕಾಯಿಲೆಯ ಹೆಸರು ಹೇಳದೆ ‘ನಿಮ್ಮ ಆರೋಗ್ಯ ಸರಿಯಿಲ್ಲ’ ಎಂದು ಚೀಟಿ ಬರೆದುಕೊಟ್ಟರೆ ರೋಗಿ ಯಾವ ಔಷಧ ಕುಡಿಯಬೇಕು? ಹಾಗೆಂದು ತಪ್ಪೆಲ್ಲ ಅವರದೇ ಎನ್ನಲಾರೆ. ನಾಚಿಕೆಯನ್ನು ನುಂಗಿಕೊಂಡು ಹೋಗಿ ಕೇಳಬಹುದಾಗಿತ್ತು. ಕೇಳಲಿಲ್ಲ. ಪ್ರಬಂಧ ಅಟ್ಟದ ಮೇಲಿನ ಟ್ರಂಕಿಗೆ ಹೋಯಿತು. ನನ್ನ ಹೆಸರಿನ ಹಿಂದೆ ಎಂ.ಎ. ಉಳಿಯಿತು, ಮುಂದೆ ಏನೂ ಬರಲಿಲ್ಲ. ಆ ಪದ ಮಾತ್ರ ಎದೆಯಲ್ಲಿ ಕುಳಿತಿದ್ದು, ಹನ್ನೆರಡು ವರ್ಷದ ಮೇಲೆ, ಕೆಂಪು ಮಸಿಯಾಗಿ, ಆ ಹುಡುಗಿಯ ಹಾಳೆಯ ಮೇಲೆ ಇಳಿದಿತ್ತು. ನನಗೆ ಬಂದದ್ದನ್ನು ನಾನು ದಾಟಿಸಿದ್ದೆ, ಅಷ್ಟೆ.

ಅಂದು ರಾತ್ರಿ ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಇಂಗ್ಲಿಷಿನವರು ಈ ಪದವನ್ನು ಲ್ಯಾಟಿನ್ನಿನಿಂದ ತಂದುಕೊಂಡರು. ಅದರ ಒಡಲಲ್ಲಿರುವುದು ‘ಸಮ’ ಎಂಬರ್ಥದ ಧಾತು. ಲೆಕ್ಕದಲ್ಲಿ ನಾವು ‘ಈಕ್ವಲ್’ ಎನ್ನುತ್ತೇವಲ್ಲ, ಅದರ ಒಡಹುಟ್ಟು. ಒಂದು ಅಳತೆಗೆ ಸಮನಾಗಿ ಬಂದದ್ದು ಅಡಿಕ್ವೇಟ್, ಬಾರದಿದ್ದರೆ ಇನಡಿಕ್ವೇಟ್. ಹಾಗಾದರೆ ಎಲ್ಲೋ ಒಂದು ಅಳತೆಗೋಲು ಇರಲೇಬೇಕು. ಅದು ಎಲ್ಲಿದೆ, ಯಾರ ಕೈಯಲ್ಲಿದೆ, ಎಷ್ಟು ಉದ್ದ ಎಂದು ಆ ಪದ ಬಾಯಿಬಿಡುವುದಿಲ್ಲ. ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡು ‘ನೀನು ಕುಳ್ಳ’ ಎನ್ನುವ ಜಾತಿ. ಸಾಲದ್ದಕ್ಕೆ ಈಗ ಅದು ವಸ್ತುಗಳನ್ನು ಬಿಟ್ಟು ಮನುಷ್ಯರಿಗೆ ಅಂಟಿಕೊಂಡಿದೆ. ನೀರಿನ ತೊಟ್ಟಿ ಇನಡಿಕ್ವೇಟ್ ಆಗುವುದಿರಲಿ, ಇಪ್ಪತ್ತು ವರ್ಷದ ಹುಡುಗರು ‘ನಾನೇ ಇನಡಿಕ್ವೇಟ್’ ಎಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಪತ್ರಿಕೆಗಳನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಅಸಮರ್ಪಕ’. ಅಸಮರ್ಪಕ ವಿದ್ಯುತ್ ಪೂರೈಕೆ, ಅಸಮರ್ಪಕ ಚರಂಡಿ, ಅಸಮರ್ಪಕ ಬಸ್ ಸಂಚಾರ. ಅರಸೀಕೆರೆಯಲ್ಲಿ ಓದುಬರಹ ಬಾರದ ಮುದುಕರೂ ಈ ಪದವನ್ನು ಬಲ್ಲರು, ಅಷ್ಟು ಸಲ ಅದು ಅಚ್ಚಾಗಿದೆ. ಸಂಸ್ಕೃತದಲ್ಲಿ ಸಮರ್ಪಕವೆಂದರೆ ಒಪ್ಪಿಸುವಂಥದು. ಚರಂಡಿ ಯಾವ ದೇವರಿಗೆ ಏನನ್ನು ಸಮರ್ಪಿಸಬೇಕಾಗಿತ್ತೋ ನನಗೆ ತಿಳಿಯದು. ‘ನ್ಯೂನ’ವಿದೆ, ‘ಊನ’ವಿದೆ, ಅವು ಕೈಕಾಲಿನ ಕಡೆಗೆ ಬೆರಳು ತೋರಿಸುತ್ತವೆ. ‘ಕುಂದು’ ಎಂದರೆ ಅಪವಾದದ ವಾಸನೆ. ‘ಖೋತಾ’ ಎಂಬುದು ಸಂಬಳಕ್ಕೂ ಬಜೆಟ್ಟಿಗೂ ಮೀಸಲು. ‘ಅಪರ್ಯಾಪ್ತ’ವೆಂಬ ಇನ್ನೊಂದು ಇದೆಯಲ್ಲ, ಅದರ ತಮಾಷೆ ಕೇಳಿ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ದುರ್ಯೋಧನ ದ್ರೋಣನ ಮುಂದೆ ನಿಂತು, ಭೀಷ್ಮನ ರಕ್ಷಣೆಯಲ್ಲಿರುವ ನಮ್ಮ ಸೇನೆ ಅಪರ್ಯಾಪ್ತವಾಗಿದೆ ಎನ್ನುತ್ತಾನೆ. ಇದು ‘ನಮ್ಮ ಸೇನೆ ಸಾಲದು’ ಎಂದೇ, ‘ನಮ್ಮ ಸೇನೆಗೆ ಮಿತಿಯೇ ಇಲ್ಲ’ ಎಂದೇ? ವ್ಯಾಖ್ಯಾನಕಾರರು ಎರಡು ಪಂಗಡವಾಗಿ ಶತಮಾನಗಳಿಂದ ವಾದ ಮಾಡಿದ್ದಾರೆ. ಒಂದೇ ಪದದಲ್ಲಿ ಕೊರತೆಯೂ ಇದೆ, ಅಳತೆ ಮೀರಿದ್ದೂ ಇದೆ. ನನ್ನ ಪರೀಕ್ಷಕರು ಸಂಸ್ಕೃತದಲ್ಲಿ ವರದಿ ಬರೆದಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರಾಗಿ ಮೆರೆಯುತ್ತಿದ್ದೆನೋ ಏನೋ!

ನಿಘಂಟು ಮುಚ್ಚಿಟ್ಟ ಮೇಲೆ ನೆನಪಾದದ್ದು ನಮ್ಮ ಮನೆಯ ಮಾತು. ನಮ್ಮ ತಂದೆ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮ ಕಡೆ ಆಗುವುದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆಗ ಸುಲಿದು, ಉಂಡೆ ಒಡೆಯದ ಹಾಗೆ ಕರಟ ತೆಗೆಯಬೇಕು. ಒಡೆದರೆ ಬೆಲೆ ಬಿತ್ತು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ “ಇದಕ್ಕೆ ಇನ್ನೂ ಒಂದು ತಿಂಗಳು ಸಾಲದು” ಎನ್ನುತ್ತಿದ್ದರು ನಮ್ಮ ತಂದೆ. ಕಾಯಿ ಕೆಟ್ಟದ್ದೆಂದಲ್ಲ, ಒಂದು ತಿಂಗಳು ಕಳೆದರೂ ಸಾಲದು, ಇನ್ನಷ್ಟು ಇರಲಿ ಎಂದು. ಅಟ್ಟಕ್ಕೆ ಮತ್ತೆ ಹಾಕುತ್ತಿದ್ದರು.

ತಾಯಿಯ ಬಾಯಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ. ದೀಪವನ್ನು ಆರಿಸು ಎನ್ನದೆ ‘ದೊಡ್ಡದು ಮಾಡು’ ಎನ್ನುತ್ತಿದ್ದವರು, ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತಿದ್ದವರು, ಅನ್ನ ಸಾಲದು ಎಂದು ಹೇಗೆ ಹೇಳಿಯಾರು? ಐದು ಜನಕ್ಕೆ ಬೇಯಿಸಿದ್ದಕ್ಕೆ ಎಂಟು ಜನ ಬಂದರೆ ಸಾರಿಗೆ ಇನ್ನೊಂದು ಚೆಂಬು ನೀರು ಬೀಳುತ್ತಿತ್ತು. ಆಮೇಲೆ ತಾವು “ನನಗೇಕೋ ಇವತ್ತು ಹಸಿವೇ ಇಲ್ಲ” ಎನ್ನುತ್ತಿದ್ದರು. ಆ ಹಸಿವಿಲ್ಲದ ದಿನಗಳನ್ನು ನಾನು ಈಗ ಎಣಿಸುತ್ತೇನೆ. ತಿಂಗಳ ಕೊನೆಯಲ್ಲಿ ತಂದೆಯ ಸಂಬಳ ಸಾಲದೆ ಸಾಲ ಬರುತ್ತಿತ್ತು. ‘ಸಾಲದು’ ಎನ್ನುವುದಕ್ಕೂ ‘ಸಾಲ’ ಎನ್ನುವುದಕ್ಕೂ ಸಂಬಂಧವುಂಟೋ ಇಲ್ಲವೋ ಭಾಷಾಪಂಡಿತರು ಹೇಳಲಿ. ನಮ್ಮ ಮನೆಯಲ್ಲಿ ಇತ್ತು.

ಹೀಗಾಗಿ ಮಾರನೆಯ ದಿನ ಹುಡುಗಿಯನ್ನು ಕರೆದು, ಇಂಗ್ಲಿಷ್ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ‘ಸಾಲದು’ ಎಂದು ಬರೆದುಕೊಟ್ಟೆ. ದೊಡ್ಡ ಉಪಕಾರ ಮಾಡಿದವನ ಹಾಗೆ ನಕ್ಕೆ. ಅವಳು ನಗಲಿಲ್ಲ. ಹಾಳೆ ನೋಡಿ, “ಯಾತಕ್ಕೆ ಸಾಲದು, ಸಾರ್?” ಎಂದಳು.

ಗಂಟೆ ಹೊಡೆಯಿತು, ನಾನು ಬದುಕಿದೆ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಯಾಕೆಂದರೆ ಅದು ವ್ಯಾಕರಣಶುದ್ಧವಾದ ಪ್ರಶ್ನೆ. ನಾವು ದಿನವೂ ಆಡುವ ‘ಬೇಕು’, ‘ಸಾಕು’ ಎಂಬವು ಈಗ ಅವ್ಯಯದ ಹಾಗೆ ಕಂಡರೂ ಹಿಂದೆ ಕ್ರಿಯಾಪದಗಳೇ. ಹಳಗನ್ನಡದ ‘ಬೇಳ್ಕುಂ’ ಸವೆದು ಬೇಕು ಆಯಿತು, ‘ಸಾಲ್ಕುಂ’ ಸವೆದು ಸಾಕು ಆಯಿತು. ಸಾಲ್ ಎಂಬ ಆ ಹಳೆಯ ಧಾತು ‘ಸಾಲದು’ ಎಂಬ ನಿಷೇಧರೂಪದಲ್ಲಿ ಇನ್ನೂ ಮುಖ ಮರೆಸಿಕೊಳ್ಳದೆ ಉಳಿದಿದೆ. ಇವೆಲ್ಲಕ್ಕೂ ಒಂದು ಚತುರ್ಥೀ ವಿಭಕ್ತಿ ಬೇಕು. ಯಾರಿಗೆ ಸಾಲದು? ಯಾತಕ್ಕೆ ಸಾಲದು? ಮಗುವಿಗೆ ಹಾಲು ಸಾಲದು, ಬಿತ್ತನೆಗೆ ಮಳೆ ಸಾಲದು. ‘ಗೆ’ ‘ಕೆ’ ಇಲ್ಲದೆ ‘ಸಾಲದು’ ಎಂದರೆ ಕೇಳಿದವರು ತಾವೇ ಒಂದನ್ನು ಹುಡುಕಿ ಸೇರಿಸಿಕೊಳ್ಳುತ್ತಾರೆ, ಇಲ್ಲವೇ ಆ ಹುಡುಗಿಯಂತೆ ಕೇಳುತ್ತಾರೆ. ಇಂಗ್ಲಿಷ್ ಪದಕ್ಕೆ ಆ ಕಾಟವಿಲ್ಲ. ಒಂಟಿಯಾಗಿ ಹಾಳೆಯ ಕೆಳಗೆ ಕುಳಿತುಬಿಡುತ್ತದೆ, ಕೇಳುವವರಿಲ್ಲ. ಈ ವಿಭಕ್ತಿಗೆ ಕಾರಕದ ಲೆಕ್ಕದಲ್ಲಿ ಸಂಪ್ರದಾನವೆಂದು ಹೆಸರು, ಕೊಡುವ ಕಾರಕ. ದಾನಶಾಸನಗಳ ಭಾಷೆಯ ಮೇಲೆ ಮುನ್ನೂರು ಪುಟ ಬರೆದವನಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು.

ಆ ಸಂಜೆ ಅವಳ ಎರಡು ಪುಟವನ್ನು ಮೊದಲ ಸಲ ಪೂರ್ತಿ ಓದಿದೆ. ಅವರ ತೆಂಗಿನ ತೋಟದ ಮೂಲೆಯಲ್ಲಿ ಒಂದು ವೀರಗಲ್ಲಿದೆ. ಮೂರು ಹಂತದ್ದು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳು ಸವೆದಿವೆ. ಇಷ್ಟು ಯಾರಾದರೂ ಬರೆದಾರು. ಅವಳ ಅಜ್ಜಿ ಅದಕ್ಕೆ ‘ದನ ಬಿಡಿಸಿದಣ್ಣ’ ಎನ್ನುತ್ತಾರಂತೆ. ಕಳೆದುಹೋದ ದನ ಸಿಕ್ಕಿದರೆ ಆ ಕಲ್ಲಿಗೆ ಮೊದಲ ಹಾಲು ಎರೆಯುವುದು ಈಗಲೂ ಇದೆಯಂತೆ. ತುರುಗೊಳ್ ಕಾಳಗದಲ್ಲಿ ಸತ್ತವನ ಕಲ್ಲಿರಬಹುದು. ಓದು ಬಾರದ ಮುದುಕಿಯರ ಬಾಯಲ್ಲಿ ಅದರ ವಿಷಯ ಹೀಗೆ ಉಳಿದುಬಂದಿದೆ. ನಾನು ಆ ಊರಿಗೆ ಹೋಗಿದ್ದೆ. ಅಕ್ಷರ ಸವೆದಿದೆಯೆಂದು ಗುರುತು ಹಾಕಿಕೊಂಡು ಮುಂದಿನ ಊರಿಗೆ ನಡೆದಿದ್ದೆ. ಅಜ್ಜಿಯನ್ನು ಕೇಳಬೇಕೆಂದು ನನಗೆ ತೋರಿರಲಿಲ್ಲ.

ಡಿಸೆಂಬರಿನಲ್ಲಿ ವಿದ್ಯಾರ್ಥಿಗಳನ್ನು ಹಳೇಬೀಡು ಬೇಲೂರಿಗೆ ಕರೆದುಕೊಂಡು ಹೋಗುವ ಸಂದರ್ಭ ಬಂತು. ಅದೇ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತಾಗಿ ಎಲ್ಲರಿಗೂ ಹೊಸ ಉತ್ಸಾಹ. ನಮ್ಮೂರಿನ ಶಿವಾಲಯ ಆ ಪಟ್ಟಿಯಲ್ಲಿಲ್ಲವೆಂದು ಅರಸೀಕೆರೆಯವರು ಯಾರೂ ಕೊರಗಿದ್ದು ಕಾಣೆ. 1220ರ ಕಟ್ಟಡ, ಮುಂದೆ ನಕ್ಷತ್ರದಾಕಾರದ ತೆರೆದ ಮಂಟಪ, ಅಂಥದು ಹೊಯ್ಸಳರಲ್ಲಿಯೇ ಅಪರೂಪ. ಅದರ ಪಕ್ಕದಲ್ಲಿಯೇ ಹುಟ್ಟಿ ಬೆಳೆದವರು ರೈಲು ಹತ್ತಿ ಹಂಪಿ ನೋಡಲು ಹೋಗುತ್ತಾರೆ.

ಬಾಡಿಗೆಯ ಬಸ್ಸು ಜಾವಗಲ್ ದಾರಿಯಲ್ಲಿ ಹೊರಟಿತು. ಆ ವರ್ಷ ಬರ ನಾಡನ್ನೆಲ್ಲ ಹಿಡಿದಿತ್ತು. ಅರಸೀಕೆರೆ ತಾಲ್ಲೂಕಿನ ಕೆರೆಗಳು ಒಣಗಿ, ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಂದೇ ಜಿಲ್ಲೆ, ಪಡುವಣದ ಬೇಲೂರಿಗೆ ಯಗಚಿ ಹೊಳೆಯಿದೆ, ಮಲೆನಾಡಿನ ಸೆರಗಿದೆ. ನಮ್ಮದು ಅರಸಿಯ ಕೆರೆ. ಅರಸಿಯೂ ಇಲ್ಲ, ಬಹಳ ವರ್ಷ ಕೆರೆಯಲ್ಲಿ ನೀರೂ ಇಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ 1121ರ ಸುಮಾರಿಗೆ ಆರಂಭವಾದದ್ದು. ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಅದಕ್ಕೆ ಶಿಖರವಿಲ್ಲ. ಕಟ್ಟಡದ ಇತಿಹಾಸ ಬರೆದ ಫರ್ಗುಸನ್ ಸಾಹೇಬ ಇದು ಮುಗಿಯದೆ ನಿಂತ ಕಟ್ಟಡವೆಂದೇ ಹೇಳಿದ. ಹಾಗೆ ಹೇಳಿದವನು ಪರೀಕ್ಷಕರಂತೆ ಅಲ್ಲಿಗೆ ನಿಲ್ಲಿಸಲಿಲ್ಲ. ಗ್ರೀಕರ ಪಾರ್ಥೆನಾನನ್ನು ಒಂದು ತುದಿಗೂ ಇದನ್ನು ಇನ್ನೊಂದು ತುದಿಗೂ ಇಟ್ಟು, ಮನುಷ್ಯನ ಕಟ್ಟಡ ಕಲೆ ಮುಟ್ಟಬಲ್ಲ ಎರಡು ಎಲ್ಲೆಗಳು ಇವು ಎಂಬಂತೆ ಬರೆದ. ಮುಗಿದದ್ದು ಮುಗಿಯದ್ದು ಎರಡೂ ಅವನ ಕಣ್ಣಿಗೆ ಒಂದೇ ತೂಕ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಆಮೇಲೆ ಇನ್ನೊಂದು ದಂಡು ಬಂತು. ದೋರಸಮುದ್ರ ಹಳೆಯ ಬೀಡಾಯಿತು. ಹುಡುಗರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರು ಆನೆಗಳ ಸಾಲಿನ ಮುಂದೆ ಫೋಟೋ ತೆಗೆಯುತ್ತಿದ್ದರು. ಅಡಿಪಟ್ಟಿಯ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಗೈಡು ಹೇಳಿದ. ನಮ್ಮ ಹುಡುಗಿ ಎಣಿಸಲು ಹೊರಟು, ಮೂಲೆ ತಿರುಗುವಷ್ಟರಲ್ಲಿ ಲೆಕ್ಕ ತಪ್ಪಿ, ಮೊದಲಿನಿಂದ ಆರಂಭಿಸಿದಳು.

ಅಲ್ಲಿಯ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ವರ್ಷ ಕಳೆದ ಹಾಗೆ ಗಟ್ಟಿ. ಅದರದೇ ಚೂರಿನಲ್ಲಿ ನಾನು ಸ್ಲೇಟಿನ ಮೇಲೆ ಅ ಆ ತಿದ್ದಿದ್ದೆ ಎಂದು ಹೇಳಿದಾಗ ಹುಡುಗರಿಗೆ ನಂಬಿಕೆಯಾಗಲಿಲ್ಲ; ಅವರಲ್ಲಿ ಬಹುಮಂದಿ ಬಳಪವನ್ನೇ ಹಿಡಿದವರಲ್ಲ.

ಬೇಲೂರಿಗೆ ಬಂದಾಗ ಮೂರು ಗಂಟೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಿಂತಿಲ್ಲ. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಳಿಸಿಬಿಟ್ಟರು. ಶಿಖರ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಸೂರಿನ ಕೆಳಗಿನ ಮದನಿಕೆಯರು ಕೇಳಲು ಬಿಡುವುದಿಲ್ಲ. ಹೊರಗಡೆಯೇ ಮೂವತ್ತೆಂಟು ಜನ. ದರ್ಪಣಸುಂದರಿಯ ಮುಂದೆ, ದಾವಣಗೆರೆಯ ಕಡೆಯವರಿರಬೇಕು, ಒಬ್ಬ ಹಿರಿಯ ಹೆಂಗಸು ಕತ್ತೆತ್ತಿ ನಿಂತು, ಸೊಸೆಯ ಕಡೆ ತಿರುಗಿ, “ನೋಡಾಕ ಎರಡು ಕಣ್ಣು ಸಾಲವು ನೋಡವ್ವಾ” ಎಂದರು.

ನಾನು ಅಲ್ಲಿಯೇ ನಿಂತುಬಿಟ್ಟೆ. ಎಷ್ಟು ಸಲ ಕೇಳಿದ ಮಾತು! ಮದುವೆಯ ಚಪ್ಪರದಲ್ಲಿ, ಜಾತ್ರೆಯ ತೇರಿನ ಮುಂದೆ, ಜೋಗದಲ್ಲಿ. ನೋಡುವವನಲ್ಲಿ ಕೊರತೆಯಿದೆಯೆಂದು ಒಪ್ಪಿಕೊಳ್ಳುವುದು ನಮ್ಮ ಭಾಷೆಯಲ್ಲಿ ಹೊಗಳಿಕೆ. ಕಣ್ಣು ಸಾಲದು, ಹೇಳಲು ಬಾಯಿ ಸಾಲದು, ಇಂಥವರ ಋಣಕ್ಕೆ ಒಂದು ಜನ್ಮ ಸಾಲದು. ನನ್ನ ಪರೀಕ್ಷಕರು ‘ಇದನ್ನು ಓದಲು ನನಗೆ ಪುರಸತ್ತು ಸಾಲದು’ ಎಂದು ಬರೆದಿದ್ದರೂ ನಾನು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಅಥವಾ, ನೊಂದುಕೊಳ್ಳುತ್ತಿದ್ದೆನೋ ಏನೋ. ನಾನು ಆ ಹುಡುಗಿಯ ಪುಟಕ್ಕೆ ಕೊಟ್ಟದ್ದು ಎಷ್ಟು ನಿಮಿಷ? ಎರಡು.

ದಕ್ಷಿಣಕ್ಕೆ ಕಪ್ಪೆ ಚೆನ್ನಿಗರಾಯನ ಗುಡಿ, ಶಾಂತಲಾದೇವಿ ಕಟ್ಟಿಸಿದ್ದು. ಅಲ್ಲಿ ಗೈಡುಗಳು ಜಕಣಾಚಾರಿಯ ಕಥೆ ಹೇಳದೆ ಬಿಡುವುದಿಲ್ಲ. ಊರಿಗೆ ಬಂದ ಅಪರಿಚಿತ ಹುಡುಗನೊಬ್ಬ ಮಹಾಶಿಲ್ಪಿಯ ಮೂರ್ತಿಯಲ್ಲಿ ದೋಷವಿದೆ ಎಂದ. ಸುಳ್ಳಾದರೆ ನಿನ್ನ ತಲೆ, ನಿಜವಾದರೆ ನನ್ನ ಬಲಗೈ ಎಂದು ಪಣವಾಯಿತು. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಒಂದು ಕಪ್ಪೆ! ಶಿಲ್ಪಿ ಕೈ ಕಡಿದುಕೊಂಡ. ಹುಡುಗ ಅವನ ಮಗ ಡಂಕಣನೆಂದು ಆಮೇಲೆ ತಿಳಿಯಿತು. ತುಮಕೂರಿನ ಹತ್ತಿರದ ಕೈದಾಳದಲ್ಲಿ ಕೈ ಮತ್ತೆ ಬಂತು. ಇದೆಲ್ಲ ಕಥೆ. ಬೇಲೂರಿನ ವಿಗ್ರಹಗಳ ಕೆಳಗೆ ರುಜು ಹಾಕಿದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಜಕಣನ ಹೆಸರು ಅಲ್ಲಿಲ್ಲ. ತಂದೆಮಗ ಒಂದೇ ಗುಡಿಯಲ್ಲಿ ಕೂಡಿ ಕೆಲಸ ಮಾಡಿದ್ದು ಶಾಸನದ ಸತ್ಯ; ಜನರಿಗೆ ತಂದೆಮಗನ ಜಗಳವೇ ರುಚಿಸಿತು, ಏನು ಮಾಡೋಣ. ಈ ಕಥೆಯನ್ನು ನಾನು ಕೇಳಿದ್ದು ನೂರು ಸಲ. ಆ ಹೊತ್ತು ನನ್ನ ಗಮನ ಹೋದದ್ದು ಕಪ್ಪೆಯ ಕಡೆಗಲ್ಲ, ಗಂಧದ ಕಡೆಗೆ. ಹುಡುಗ ‘ದೋಷವಿದೆ’ ಎಂದು ಹೇಳಿ ಹೊರಟುಹೋಗಲಿಲ್ಲವಲ್ಲ. ಮೈಗೆಲ್ಲ ಗಂಧ ಬಳಿದು, ಒಣಗುವವರೆಗೆ ಕಾದು, ಇಗೋ ಇಲ್ಲಿ ಎಂದು ಬೆರಳಿಟ್ಟು ತೋರಿಸಿದ.

ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡದ ಬಹು ಹಳೆಯ ಶಾಸನ ಸಿ‌ಕ್ಕಿತು. ಐದನೆಯ ಶತಮಾನದ್ದೆಂದು ಎಣಿಕೆ, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು. ಹೊತ್ತು ಸಾಲದೆ ಅಲ್ಲಿಗೆ ಹೋಗಲಾಗಲಿಲ್ಲ. ಅದರಲ್ಲಿರುವುದು ಒಟ್ಟು 16 ಸಾಲು. ಬಸ್ಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ, “ಸಾರ್, ಹತ್ತು ಪುಟಕ್ಕೆ ಕಡಮೆ!” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹಿಂದಿರುಗುವಾಗ ಕತ್ತಲಾಗಿತ್ತು. ಜಾವಗಲ್ ದಾಟಿದ ಮೇಲೆ ಒಂದು ಕೂಡುರಸ್ತೆಯಲ್ಲಿ ಆ ಹುಡುಗಿ ಇಳಿಯಬೇಕು. ಅವಳ ತಂದೆ ಮೊಪೆಡ್ಡನ್ನು ಬದಿಗೆ ನಿಲ್ಲಿಸಿಕೊಂಡು ಕಾದಿದ್ದರು. ಮಗಳನ್ನು ಇಳಿಸಿಕೊಂಡವರು ನನ್ನ ಕಿಟಕಿಯ ಹತ್ತಿರ ಬಂದು ಕೈಮುಗಿದರು.

“ಮೇಷ್ಟ್ರೇ, ಒಂದು ಮಾತು. ಇವಳದು ಬಿ.ಎ. ಆದ್ರೆ ಸಾಕಲ್ವಾ? ಮುಂದೆ ಮೈಸೂರಿಗೆ ಹೋಗಿ ಓದ್ತೀನಿ ಅಂತಾಳೆ. ಗಂಡಿನ ಕಡೆಯವರು ಒಬ್ರು ಬಂದು ಹೋಗವ್ರೆ.”

ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದಿತ್ತು. ಮಂಡಿಯ ಗುಮಾಸ್ತನ ಮಗನಾದ ನನಗೆ ಅವರ ಪ್ರಶ್ನೆಯೊಳಗಿನ ಲೆಕ್ಕ ಅರ್ಥವಾಗದೆ ಇರಲಿಲ್ಲ. ಆದರೂ, “ಸಾಲದು” ಎಂದೆ.

“ಯಾತಕ್ಕೆ ಸಾಲ್ದು, ಮೇಷ್ಟ್ರೇ?” ಎಂದರು.

ಮಗಳಿಗೆ ಈ ಪ್ರಶ್ನೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಮೊಪೆಡ್ಡಿನ ದೀಪದ ಬೆಳಕಿನಲ್ಲಿ ಅವಳು ನೆಲ ನೋಡುತ್ತ ನಿಂತಿದ್ದಳು. ಡ್ರೈವರ್ ಹಾರನ್ ಮಾಡಿದ. ಕಿಟಕಿಯಿಂದ ಉತ್ತರ ಕೊಡುವ ಪ್ರಶ್ನೆಯಲ್ಲ ಅದು. ನಾನು ಬಸ್ಸಿನಿಂದ ಇಳಿದೆ. ಏನು ಹೇಳಿದೆ ಎಂಬುದನ್ನು ವಿಸ್ತರಿಸಿ ಬರೆಯಲಾರೆ. ಅವರ ತೋಟದ ಕಲ್ಲಿನ ವಿಷಯ ಹೇಳಿದೆ, ಅವರ ತಾಯಿಗೆ ಗೊತ್ತಿರುವುದು ಪುಸ್ತಕದಲ್ಲಿಲ್ಲವೆಂದು ಹೇಳಿದೆ, ಅದನ್ನು ಬರೆದಿಡಲು ಇವಳಿಗೆ ಹಳಗನ್ನಡವೂ ಲಿಪಿಯೂ ಬರಬೇಕು, ಅದಕ್ಕೆ ಬಿ.ಎ. ಸಾಲದು ಎಂದೆ. ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಅರ್ಜಿಯ ಮಾತು ಬಂತು. ನನ್ನ ಟ್ರಂಕಿನ ವಿಷಯವೂ ಬಾಯಿಗೆ ಬಂದು ಹೋಯಿತು. ಅದೇಕೆ ಹೇಳಿದೆನೋ ತಿಳಿಯದು. ಅವರು ಎಲ್ಲವನ್ನೂ ಕೇಳಿ, “ನೋಡಾಣ” ಎಂದರು. ನಮ್ಮ ಕಡೆ ‘ನೋಡಾಣ’ ಎಂದರೆ ಆಗಲೂಬಹುದು, ಆಗದಿರಲೂಬಹುದು.

ಆಯಿತು. ಮದುವೆಯ ಮಾತು ಮುಂದಕ್ಕೆ ಹೋಯಿತು, ಹುಡುಗಿ ಮೈಸೂರಿಗೆ ಹೋದಳು. ಹೋದ ವಾರ ಅವಳಿಂದ ಅಂಚೆಯಲ್ಲಿ ಒಂದು ಲಕೋಟೆ ಬಂತು. ಆ ವೀರಗಲ್ಲಿನ ಮೇಲೆ ಹನ್ನೆರಡು ಪುಟ. ಜೊತೆಗೆ, ಹಿಟ್ಟು ಉಜ್ಜಿ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಅಕ್ಷರಗಳ ಚಿತ್ರ, ಅಜ್ಜಿ ಹೇಳಿದ್ದು ಅಜ್ಜಿಯ ಮಾತಿನಲ್ಲಿಯೇ. ಮೊದಲ ಪುಟದ ಮೇಲಂಚಿನಲ್ಲಿ ಪೆನ್ಸಿಲಿನಿಂದ, ‘ಸಾಕೇ, ಸಾರ್?’

ನಾನು ಇನ್ನೂ ಏನೂ ಬರೆದಿಲ್ಲ. ಎಂಟನೆಯ ಪುಟದಲ್ಲಿ ಒಂದು ಸಾಲನ್ನು ಅವಳು ತಪ್ಪಾಗಿ ಓದಿದ್ದಾಳೆಂದು ನನ್ನ ಅನುಮಾನ. ‘ತುಱು’ ಎಂದಿರಬೇಕಾದ ಕಡೆ ಬೇರೆ ಏನೋ ಓದಿದ್ದಾಳೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ಕಲ್ಲನ್ನೇ ನೋಡಿ ಬರಬೇಕು. ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರಂತೆ.